ಜಮಖಂಡಿಯ ವಿಠ್ಠಲ, ಪುಣೆಯ ಮಹರ್ಷಿ

ಶಿವಾಜಿನಗರದಲ್ಲಿ ಮನೆ ಮಾಡಿರುವ ನಮಗೆಲ್ಲ ಫರ್ಗ್ಯುಸನ್ ಕಾಲೇಜು ಗೊತ್ತು. ಆದರೆ ಅಲ್ಲಿ ಓದಿ 1898ರಲ್ಲಿ ಬಿ.ಎ. ಮುಗಿಸಿದ ವಿಠ್ಠಲ ರಾಮಜಿ ಶಿಂದೆಯವರು ನಮ್ಮ ಜಮಖಂಡಿಯವರು ಎಂದು ಎಷ್ಟು ಸಖಿಯರಿಗೆ ಗೊತ್ತು? ಅದಕ್ಕೇ ಈ ಸಲ ಅವರ ಬಗ್ಗೆ ಬರೆಯಬೇಕೆನಿಸಿತು.

ಹುಟ್ಟಿದ್ದು 1873ರ ಏಪ್ರಿಲ್ 23ರಂದು. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ. ತಂದೆ ರಾಮಜಿ ವಾರಕರಿ ಭಕ್ತರು. ಜ್ಞಾನೇಶ್ವರರು ಕನ್ನಡದವನೆಂದು ಹಾಡಿದ ಪಂಢರಪುರದ ದೇವರ ಹೆಸರೇ ಮಗನದೂ ಆಯಿತು. ಕಾಲೇಜಿಗೆ ಬಂದ ಮೇಲೆ ಮಿಲ್, ಸ್ಪೆನ್ಸರ್ ಓದಿ ಆ ಭಕ್ತಿ ಅಲುಗಾಡಿತು. ಮತ್ತೆ ನೆಲೆ ಕೊಟ್ಟದ್ದು ಪ್ರಾರ್ಥನಾ ಸಮಾಜ. 1901ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಹೋಗಿ ಎರಡು ವರ್ಷ ಧರ್ಮಗಳ ತುಲನಾತ್ಮಕ ಅಧ್ಯಯನ ಮಾಡಿದರು. ಅಷ್ಟು ಓದಿದವರು ದೊಡ್ಡ ನೌಕರಿ ಹಿಡಿಯಲಿಲ್ಲ, ಸಮಾಜದ ಧರ್ಮಪ್ರಚಾರಕರಾದರು.

1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದರು. ಶಾಲೆ, ವಸತಿಗೃಹ, ಭಜನೆ, ಔಷಧೋಪಚಾರ ಎಲ್ಲವೂ ಅದರಲ್ಲಿತ್ತು. ಇಲ್ಲಿ ನಾನು ಮರೆಯಲಾರದವರು ಅವರ ತಂಗಿ ಜನಾಬಾಯಿ. ಗಂಡನ ಮನೆಯಲ್ಲಿ ಕಷ್ಟಪಟ್ಟ ಆ ಹುಡುಗಿಯನ್ನು ಅಣ್ಣ ಪುಣೆಗೆ ಕರೆತಂದು ಓದಿಸಿದರು. ಮುಂದೆ ಆಕೆ ಮಿಷನ್ನಿನ ಕೆಲಸಕ್ಕೇ ನಿಂತರು. ಅಸ್ಪೃಶ್ಯರ ಮಕ್ಕಳಿಗೆ ಪಾಠ ಹೇಳುವುದೆಂದರೆ ಆಗಿನ ಕಾಲಕ್ಕೆ ನೆಂಟರಿಷ್ಟರನ್ನು ಕಳೆದುಕೊಳ್ಳುವ ಕೆಲಸ. ಅಣ್ಣನಿಗೆ ಮಹರ್ಷಿ ಎಂಬ ಬಿರುದು ಬಂತು, ತಂಗಿಯ ಹೆಸರು ಎಲ್ಲೋ ಅಡಿಟಿಪ್ಪಣಿಯಲ್ಲಿ ಉಳಿಯಿತು! ಪುಣೆಯಲ್ಲಿ ಹೆಣ್ಣುಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು 1920ರ ಹೊತ್ತಿಗೆ ಗಲಾಟೆಯೆದ್ದಾಗ ಶಿಂದೆಯವರು ನಮ್ಮ ಪರವಾಗಿಯೇ ನಿಂತಿದ್ದರು.

ಮನೆಯ ಭಕ್ತಿ ದೇಶದ ಮಾತಾದದ್ದು 1917ರಲ್ಲಿ. ಆ ವರ್ಷ ಆನಿ ಬೆಸಂಟ್ ಅಧ್ಯಕ್ಷತೆಯ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯರ ಮೇಲಿನ ನಿರ್ಬಂಧಗಳು ಹೋಗಬೇಕೆಂಬ ಠರಾವು ಪಾಸಾಯಿತು. ಅದರ ಹಿಂದೆ ಶಿಂದೆಯವರ ಬಹಳ ದಿನದ ಓಡಾಟವಿತ್ತು. ಅಲ್ಲಿಯವರೆಗೆ ಕಾಂಗ್ರೆಸ್ಸು ಇಂಥ ವಿಷಯವನ್ನು ಸಾಮಾಜಿಕವೆಂದು ಬದಿಗಿಡುತ್ತಿತ್ತು. ದೇವರ ಮುಂದೆ ಎಲ್ಲರೂ ಒಂದೇ ಎಂದು ಕೀರ್ತನೆಯಲ್ಲಿ ಒಪ್ಪುವವರು ಬಾವಿಕಟ್ಟೆಯಲ್ಲಿ ಯಾಕೆ ಒಪ್ಪುವುದಿಲ್ಲ ಎಂಬುದೇ ಅವರ ಬದುಕಿನ ಪ್ರಶ್ನೆಯಾಗಿತ್ತು ಎಂದು ನನಗೆ ತೋರುತ್ತದೆ.

ಆದರೆ ಸಂಪ್ರದಾಯಸ್ಥರಿಗೆ ಅವರು ಬೇಡವಾದರು. ಅತ್ತ ಪ್ರತ್ಯೇಕ ಮತಕ್ಷೇತ್ರ ಬೇಡವೆಂದದ್ದಕ್ಕೆ ಡಾ. ಅಂಬೇಡ್ಕರರೂ ಅವರಿಂದ ದೂರವಾದರು. ಮೇಲ್ಜಾತಿಯವರ ಕರುಣೆಯನ್ನು ನಂಬಿ ಕೂರಬೇಕೇ ಎಂಬ ಅಂಬೇಡ್ಕರರ ಸಿಟ್ಟು ನ್ಯಾಯವಾದದ್ದೇ. ಹಾಗೆಂದು ಶಿಂದೆಯವರ ದುಡಿಮೆಯನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದು ಯೆರವಡಾ ಜೈಲನ್ನೂ ಕಂಡರು. ಕನ್ನಡ, ಮರಾಠಿಗಳ ನಂಟಿನ ಬಗ್ಗೆಯೂ ಬರೆದರು.

1944ರ ಜನವರಿ 2ರಂದು ತೀರಿಕೊಂಡರು. ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯನ್ನು ಸಂವಿಧಾನ ಸಭೆ ಒಪ್ಪಿದ್ದು 1948ರ ನವೆಂಬರಿನಲ್ಲಿ. ಅದು ಈಗ ನಮ್ಮ ಸಂವಿಧಾನದ 17ನೆಯ ವಿಧಿ.