ಮನೆಯನ್ನು ಮುಂದಿನವರಿಗೆ ಉಳಿಸಿದ ಶಿಲ್ಪಿ: ಸರ್ ಜಾನ್ ಸೋನ್

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕಟ್ಟಿದ ಮನೆಯನ್ನು ತನ್ನ ಕಾಲಾನಂತರವೂ ಉಳಿಸಿ ನೋಡು ಎಂಬ ಇನ್ನೊಂದು ಮಾತನ್ನು ಅದಕ್ಕೆ ಸೇರಿಸಿದರೆ ತಪ್ಪಾಗಲಾರದು. ಕಟ್ಟುವುದಕ್ಕೆ ಹಣವೂ ಉತ್ಸಾಹವೂ ಬೇಕು. ಉಳಿಸುವುದಕ್ಕೆ ಇವೆರಡರ ಜೊತೆಗೆ ದೂರದೃಷ್ಟಿಯೂ ಬೇಕು. ಅಂತಹ ದೂರದೃಷ್ಟಿಯಿಂದ ತನ್ನ ವಾಸದ ಮನೆಯನ್ನೇ ವಿದ್ಯಾರ್ಥಿಗಳ ಪಾಠಶಾಲೆಯನ್ನಾಗಿ ಮಾಡಿ, ಅದರ ಮುಂದಿನ ನಿರ್ವಹಣೆಯನ್ನು ಬದುಕಿರುವಾಗಲೇ ಶಾಸನದಲ್ಲಿ ನಿಲ್ಲಿಸಿಹೋದವನು ಇಂಗ್ಲೆಂಡಿನ ವಾಸ್ತುಶಿಲ್ಪಿ ಸರ್ ಜಾನ್ ಸೋನ್. ವಿದ್ಯಾಸಂಸ್ಥೆಗಳ ಹಿತವನ್ನು ಬಯಸುವ ಮಹನೀಯರಿಗೆ ಅವನ ಚರಿತ್ರೆ ಮನನೀಯವಾದುದೆಂದು ಭಾವಿಸಿ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ಸೋನನು 1753ನೆಯ ಇಸವಿ ಸೆಪ್ಟೆಂಬರ್ 10ರಂದು, ಥೇಮ್ಸ್ ನದಿಯ ದಡದ ಗೋರಿಂಗ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಇಟ್ಟಿಗೆ ಗೋಡೆ ಕಟ್ಟುವ ಕಸುಬಿನವನು. ಬಾಲ್ಯದಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿದ ಹುಡುಗನು ಹದಿನೈದರ ಪ್ರಾಯದಲ್ಲಿ ಲಂಡನ್ನಿನ ಪ್ರಸಿದ್ಧ ವಾಸ್ತುಶಿಲ್ಪಿ ಜಾರ್ಜ್ ಡಾನ್ಸನ ಕಚೇರಿಯನ್ನು ಸೇರಿದನು. 1771ರಲ್ಲಿ ರಾಯಲ್ ಅಕಾಡೆಮಿಯ ಶಾಲೆಯಲ್ಲಿ ವಿದ್ಯಾರ್ಥಿಯಾಗಿ, 1776ರಲ್ಲಿ ಸುವರ್ಣಪದಕವನ್ನು ಗಳಿಸಿದನು. ಬಳಿಕ ಅರಸನ ಹೆಸರಿನ ಪ್ರವಾಸವೇತನ ದೊರೆತು, 1778ರಲ್ಲಿ ಇಟಲಿಗೆ ಹೊರಟನು. ರೋಮಿನ ಭಗ್ನಮಂದಿರಗಳನ್ನು ಅಳೆದು, ಚಿತ್ರಿಸಿಕೊಂಡು, ಎರಡು ವರ್ಷಗಳ ನಂತರ ಸ್ವದೇಶಕ್ಕೆ ಮರಳಿದನು. ಪರರ ನೆರವಿನಿಂದ ತಾನು ಪಡೆದ ಈ ದರ್ಶನಭಾಗ್ಯವನ್ನು ಅವನು ಮುಂದೆ ಮರೆಯಲಿಲ್ಲ.

1784ರಲ್ಲಿ ಎಲಿಜಬೆತ್ ಎಂಬ ಕನ್ಯೆಯೊಡನೆ ವಿವಾಹವಾಯಿತು. 1788ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯ ಪದವಿ ಲಭಿಸಿತು. ಆ ಪದವಿಯಲ್ಲಿ ಅವನು 45 ವರ್ಷಗಳ ಕಾಲ ದುಡಿದನು. ಪತ್ನಿಯ ಬಂಧುವಿನಿಂದ ಬಂದ ಆಸ್ತಿಯೂ ಸೇರಿ, ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದಲ್ಲಿ 1792ರಲ್ಲಿ 12ನೆಯ ಸಂಖ್ಯೆಯ ಮನೆಯನ್ನು ಕೊಂಡು ಹೊಸದಾಗಿ ಕಟ್ಟಿಸಿದನು. ಕ್ರಮೇಣ ಪಕ್ಕದ 13ನೆಯ ಮನೆಯೂ, 1823ರಲ್ಲಿ 14ನೆಯದೂ ಅವನ ವಶಕ್ಕೆ ಬಂದವು. ಗೋಡೆಗಳ ತುಂಬ ಪ್ರಾಚೀನ ಶಿಲ್ಪಖಂಡಗಳು, ಅಚ್ಚುಗಳು, ಮಾದರಿಗಳು. ಮೇಲಿನಿಂದ ಇಳಿದುಬರುವ ಬೆಳಕು. ಹೊಗಾರ್ತನೆಂಬ ಚಿತ್ರಕಾರನ ಪ್ರಖ್ಯಾತ ಚಿತ್ರಮಾಲಿಕೆಗಳು ಅಲ್ಲಿಗೆ ಬಂದವು. ಗೋಡೆಗಳೇ ಬಾಗಿಲುಗಳಂತೆ ತೆರೆದುಕೊಳ್ಳುವ ಒಂದು ಕೋಣೆಯಲ್ಲಿ, ಕಿರಿದಾದ ಸ್ಥಳದಲ್ಲಿಯೇ ನೂರಕ್ಕೂ ಮಿಕ್ಕ ಚಿತ್ರಗಳಿಗೆ ಎಡೆಮಾಡಿದನು. ಈಜಿಪ್ಟಿನ ಅರಸ ಒಂದನೆಯ ಸೇಟಿಯ ಶಿಲಾಶವಪೆಟ್ಟಿಗೆಯನ್ನು ಬ್ರಿಟಿಷ್ ಮ್ಯೂಸಿಯಂ ಬೆಲೆ ಹೆಚ್ಚೆಂದು ಬಿಟ್ಟಾಗ, 1824ರಲ್ಲಿ 2,000 ಪೌಂಡು ತೆತ್ತು ಅದನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಇರಿಸಿದನು.

ಇದೆಲ್ಲವೂ ಶ್ರೀಮಂತನೊಬ್ಬನ ಹವ್ಯಾಸವಾಗಿ ಮಾತ್ರ ಉಳಿಯಲಿಲ್ಲ. 1806ರಲ್ಲಿ ರಾಯಲ್ ಅಕಾಡೆಮಿಯ ವಾಸ್ತುಶಿಲ್ಪ ಪ್ರಾಧ್ಯಾಪಕನಾದ ಮೇಲೆ, ಉಪನ್ಯಾಸದ ಹಿಂದಿನ ದಿನ ಹಾಗೂ ಮರುದಿನ ವಿದ್ಯಾರ್ಥಿಗಳು ತನ್ನ ಮನೆಗೆ ಬಂದು ಸಂಗ್ರಹವನ್ನು ನೋಡಬಹುದೆಂದು ಅವಕಾಶವಿತ್ತನು. ಆ ದಿನಗಳಲ್ಲಿ ನೆಪೋಲಿಯನ್ನನ ಯುದ್ಧಗಳಿಂದಾಗಿ ಇಟಲಿಯ ಪ್ರಯಾಣ ದುಸ್ತರವಾಗಿತ್ತು. ಹೋಗಲಾರದ ಶಿಷ್ಯರಿಗೆ ಗುರುವಿನ ಮನೆಯೇ ರೋಮಾಯಿತು.

ಹೊರಗಿನ ಶಿಷ್ಯರಿಗೆ ಇಷ್ಟು ಮಾಡಿದವನಿಗೆ ಸ್ವಂತ ಮಕ್ಕಳಿಂದ ಸುಖ ದೊರೆಯಲಿಲ್ಲ. ಜಾನ್, ಜಾರ್ಜ್ ಎಂಬ ಇಬ್ಬರು ಮಕ್ಕಳೂ ವಾಸ್ತುಶಿಲ್ಪಿಗಳಾಗಬೇಕೆಂದು ಅವನು ಹಂಬಲಿಸಿದನು. ಇಬ್ಬರೂ ಆ ಮಾರ್ಗವನ್ನು ಹಿಡಿಯಲಿಲ್ಲ. ಸಾಲದಲ್ಲಿ ಮುಳುಗಿದ ಜಾರ್ಜನು 1815ರಲ್ಲಿ ತಂದೆಯ ಕೃತಿಗಳನ್ನು ಹಳಿದು ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಲೇಖನಗಳನ್ನು ಬರೆದನು. ಬರೆದವನು ತನ್ನ ಮಗನೇ ಎಂದು ತಿಳಿದ ತಾಯಿ ಅದೇ ವರ್ಷ ನವೆಂಬರ್ 22ರಂದು ತೀರಿಕೊಂಡಳು. ಸೋನನು ಮಗನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. 1823ರಲ್ಲಿ ಹಿರಿಯ ಮಗನೂ ಗತಿಸಿದನು. ಮನೆಯನ್ನು ವಂಶಕ್ಕೆ ಬಿಡುವ ಆಸೆ ಅಲ್ಲಿಗೆ ಬತ್ತಿತು.

ಆಗ ಅವನು ಮಾಡಿದ ಆಲೋಚನೆಯೇ ಈ ಚರಿತ್ರೆಯ ಸಾರ. ಬರಿಯ ಮರಣಪತ್ರವನ್ನು ನಂಬಿದರೆ ಮಗನು ನ್ಯಾಯಾಲಯಕ್ಕೆ ಹೋಗಬಹುದು; ಸಂಗ್ರಹವು ಹರಾಜಿನಲ್ಲಿ ಚೆದುರಬಹುದು. ಆದುದರಿಂದ ಅವನು ಪಾರ್ಲಿಮೆಂಟನ್ನೇ ಆಶ್ರಯಿಸಿದನು. ಮಗನ ವಿರೋಧವು ಪಾರ್ಲಿಮೆಂಟಿನಲ್ಲಿ ಕೇಳಿಬಂದರೂ 1833ರಲ್ಲಿ ಶಾಸನವು ಅಂಗೀಕೃತವಾಯಿತು. ಅದರ ಏರ್ಪಾಡುಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಮನೆಯೂ ಸಂಗ್ರಹವೂ ತಾನು ಬಿಟ್ಟುಹೋದ ಸ್ಥಿತಿಯಲ್ಲಿಯೇ, ಸಂದರ್ಭಗಳು ಅನುಮತಿಸುವ ಮಟ್ಟಿಗೆ, ಇರತಕ್ಕದ್ದು. ಎರಡನೆಯದು, ವಿದ್ಯಾರ್ಥಿಗಳಿಗೂ ಕಲಾಪ್ರಿಯರಿಗೂ ಶುಲ್ಕವಿಲ್ಲದೆ ಪ್ರವೇಶವಿರತಕ್ಕದ್ದು. ಮೂರನೆಯದು, ಆಡಳಿತವು ಧರ್ಮದರ್ಶಿಗಳ ಕೈಯಲ್ಲಿರತಕ್ಕದ್ದು. ಅವರಲ್ಲಿ ರಾಯಲ್ ಅಕಾಡೆಮಿ, ರಾಯಲ್ ಸೊಸೈಟಿ ಮೊದಲಾದ ವಿದ್ವತ್ಸಂಸ್ಥೆಗಳ ಪ್ರತಿನಿಧಿಗಳೂ ಇರತಕ್ಕದ್ದು. ನಾಲ್ಕನೆಯದು, ಸಂಗ್ರಹಪಾಲಕನ ವೇತನ, ದುರಸ್ತಿ ಮೊದಲಾದ ವೆಚ್ಚಕ್ಕೆ ಮೂಲಧನವನ್ನು ಕೊಡತಕ್ಕದ್ದು. ಇದರ ಜೊತೆಗೆ 12ನೆಯ ಮನೆಯ ಬಾಡಿಗೆಯೂ ಸಂಗ್ರಹಾಲಯದ ಪೋಷಣೆಗೆ ಸಲ್ಲುವಂತೆ ಮಾಡಿದನು. 1837ನೆಯ ಜನವರಿ 20ರಂದು ಸೋನನು ದೇಹತ್ಯಾಗ ಮಾಡಿದನು. ಶಾಸನವು ಜಾರಿಗೆ ಬಂದಿತು. ಅವನ ಶಿಷ್ಯ ಜಾರ್ಜ್ ಬೇಯ್ಲಿಯು ಮೊದಲನೆಯ ಸಂಗ್ರಹಪಾಲಕನಾದನು.

ಕಾಲವು ಈ ಏರ್ಪಾಡನ್ನು ಚೆನ್ನಾಗಿ ಪರೀಕ್ಷಿಸಿತು. ಸೋನನ ಮಹಾಕೃತಿಯೆನಿಸಿದ ಬ್ಯಾಂಕಿನ ಸಭಾಂಗಣಗಳನ್ನು 1920 ಮತ್ತು 1930ರ ದಶಕಗಳ ಪುನರ್ನಿರ್ಮಾಣದಲ್ಲಿ ಕೆಡವಲಾಯಿತು. ಉಳಿದುದು ಬಹುಮಟ್ಟಿಗೆ ಹೊರಗೋಡೆ ಮಾತ್ರ. ಹಣದ ಸಾಕ್ಷಾತ್ ನಿಧಿಯಾಗಿದ್ದ ಕಟ್ಟಡ ಉಳಿಯಲಿಲ್ಲ. ಶಾಸನ, ಆಡಳಿತ ಮತ್ತು ಮೂಲಧನಗಳ ಆಸರೆಯಿದ್ದ ಮನೆ ಉಳಿಯಿತು. ಹಾಗೆಂದು ಮನೆಗೆ ಕಷ್ಟಗಳೇ ಬರಲಿಲ್ಲವೆಂದಲ್ಲ. ಕಾಲ ಕಳೆದಂತೆ ಹಣದ ಬೆಲೆ ಇಳಿಯಿತು. 1947ರಿಂದ ಸರ್ಕಾರವು ವಾರ್ಷಿಕ ಅನುದಾನ ನೀಡತೊಡಗಿತು. ಬಾಡಿಗೆಗಿದ್ದ 12ನೆಯ ಮನೆಯನ್ನು 1969ರಲ್ಲಿ ಸಂಗ್ರಹಾಲಯದ ಬಳಕೆಗೇ ತೆಗೆದುಕೊಳ್ಳಲಾಯಿತು. ಕುಟುಂಬಕ್ಕೆ ಸೇರಿ ಕೈಬಿಟ್ಟುಹೋಗಿದ್ದ 14ನೆಯ ಮನೆಯನ್ನು 1990ರ ದಶಕದಲ್ಲಿ ಕೊಂಡುಕೊಳ್ಳಲಾಯಿತು. ಎರಡನೆಯ ಮಹಡಿಯಲ್ಲಿದ್ದ ಸೋನನ ಖಾಸಗಿ ಕೋಣೆಗಳು ಬಹುಕಾಲ ಬೇರೆ ಉಪಯೋಗಕ್ಕೆ ಒಳಗಾಗಿದ್ದು, 2015ರಲ್ಲಿ ಮೂಲರೂಪವನ್ನು ಪಡೆದು ತೆರೆಯಲ್ಪಟ್ಟವು. ಈ ಜೀರ್ಣೋದ್ಧಾರವು ಊಹೆಯಿಂದ ನಡೆಯಲಿಲ್ಲ. ಸೋನನು ತನ್ನ ಮನೆಯ ವಿವರಗ್ರಂಥವನ್ನು ಸ್ವತಃ ಅಚ್ಚುಹಾಕಿಸಿದ್ದನು. ಕೋಣೆಗಳ ವರ್ಣಚಿತ್ರಗಳನ್ನು ಬರೆಸಿದ್ದನು. ಯಾವ ವಸ್ತು ಎಲ್ಲಿತ್ತೆಂಬುದಕ್ಕೆ ಆ ದಾಖಲೆಗಳೇ ಸಾಕ್ಷಿಯಾದವು. ಬರೆದಿಟ್ಟ ಲೆಕ್ಕವೂ ಒಂದು ಬಗೆಯ ದಾನವೇ ಎಂಬುದು ಇಲ್ಲಿ ತೋರುತ್ತದೆ.

ಶಾಸನದಲ್ಲಿ ಸಂದರ್ಭಗಳಿಗೆ ಬಿಟ್ಟಿದ್ದ ಆ ಒಂದು ಸಡಿಲಿಕೆಯ ಬೆಲೆಯನ್ನೂ ಇಲ್ಲಿ ಗಮನಿಸಬೇಕು. ಏನನ್ನೂ ಅಲುಗಿಸಬಾರದೆಂದು ಕಟ್ಟುನಿಟ್ಟಾಗಿ ವಿಧಿಸಿದ್ದರೆ ಸೋರುವ ಮಾಳಿಗೆಯನ್ನು ಸರಿಪಡಿಸುವುದೂ ವಿವಾದವಾಗುತ್ತಿತ್ತು. ಏನನ್ನೂ ವಿಧಿಸದೆ ಹೋಗಿದ್ದರೆ ಒಬ್ಬೊಬ್ಬ ಪಾಲಕನೂ ತನ್ನ ಅಭಿರುಚಿಯಂತೆ ಮನೆಯನ್ನು ಮಾರ್ಪಡಿಸುತ್ತಿದ್ದನು. ಉದ್ದೇಶದಲ್ಲಿ ದೃಢತೆ, ಸಾಧನದಲ್ಲಿ ವಿವೇಚನೆ ಎಂಬ ಎರಡನ್ನೂ ಸೋನನು ಒಂದೇ ವಾಕ್ಯದಲ್ಲಿ ಹೊಂದಿಸಿದ್ದನು.

ಇಷ್ಟಾದರೂ ಒಂದು ಸಂಗತಿ ಮನಸ್ಸನ್ನು ಕಾಡದಿರದು. ಮಗನ ಪಾಲನ್ನು ತಪ್ಪಿಸಿ ಲೋಕಕ್ಕೆ ಕೊಟ್ಟ ದಾನ ಇದು. ಜಾರ್ಜನ ಅಪರಾಧ ದೊಡ್ಡದೇ ಆಗಿದ್ದಿರಬಹುದು. ತಂದೆಯ ಹೃದಯವೂ ಕಠಿಣವಾಗಿತ್ತೆಂಬುದನ್ನು ಮರೆಮಾಚಲಾಗದು. ಮಗನು ಬರೆದ ಲೇಖನಗಳಿಗೆ ಚೌಕಟ್ಟು ಹಾಕಿಸಿ, ಅವು ತಾಯಿಗೆ ಮರಣದ ಪೆಟ್ಟುಗಳೆಂದು ಮೇಲೆ ಬರೆಸಿ, ಅದೇ ಮನೆಯಲ್ಲಿ ತೂಗುಹಾಕಿದವನು ಅವನು. ವಾತ್ಸಲ್ಯವು ಸ್ವಂತ ಮನೆಯಲ್ಲಿ ನೆಲೆಗಾಣದೆ, ಹೆಸರರಿಯದ ವಿದ್ಯಾರ್ಥಿಗಳ ಕಡೆಗೆ ಹರಿಯಿತೆನ್ನಬಹುದು. ಸತ್ಕಾರ್ಯಗಳ ಹಿಂದೆ ಇಂತಹ ನೋವುಗಳಿರುವುದುಂಟು. ಅದರಿಂದ ಕಾರ್ಯದ ಬೆಲೆ ತಗ್ಗದು, ನೋವಿನ ಭಾರವೂ ತಗ್ಗದು.

ಇಟ್ಟಿಗೆಯ ಕಸುಬಿನವನ ಮಗನು ಅನುಕೂಲಸ್ಥನಾಗಿ, 1831ರಲ್ಲಿ ಸರ್ ಎಂಬ ಬಿರುದನ್ನು ಪಡೆದುದು ದೊಡ್ಡ ಸಂಗತಿಯೇ. ಆದರೆ ಅವನ ಹಿರಿಮೆ ಅದಕ್ಕಿಂತ ಮಿಗಿಲಾಗಿ, ತಾನಿಲ್ಲದ ನಾಳೆಯನ್ನು ಕುರಿತು ಯೋಚಿಸಿದುದರಲ್ಲಿದೆ. ಕಟ್ಟಡವನ್ನು ಕೊಡುವವರು ಅದರ ಮಾಳಿಗೆಯ ದುರಸ್ತಿಗೂ, ಅದನ್ನು ಕಾಯುವವನ ವೇತನಕ್ಕೂ, ಅದರ ವಸ್ತುಗಳ ಪಟ್ಟಿಗೂ, ಅದರ ಹೊಣೆ ಹೊರುವವರ ಪರಂಪರೆಗೂ ಏರ್ಪಾಡು ಮಾಡಿದರೆ ಮಾತ್ರ ದಾನವು ಪೂರ್ಣವಾಗುತ್ತದೆ. ಲಂಡನ್ನಿನ ಆ ಮನೆಯ ಬಾಗಿಲು ಇಂದಿಗೂ ಶುಲ್ಕವಿಲ್ಲದೆ ತೆರೆಯುತ್ತಿರುವುದು ಈ ಮಾತಿಗೆ ನಿದರ್ಶನವಾಗಿದೆ.