ಚೆಸಾರೆ ಬೆಕ್ಕಾರಿಯಾ: ಮರಣದಂಡನೆ ಮತ್ತು ಸಾಕ್ಷ್ಯದ ಮಿತಿ

ಮರಣದಂಡನೆ ಬೇಡವೆಂದು ತರ್ಕಬದ್ಧವಾಗಿ ಬರೆದು ಯುರೋಪಿನ ರಾಜರು ಕಿವಿಗೊಡುವಂತೆ ಮಾಡಿದ ಮೊದಲಿಗರಲ್ಲಿ ಇಟಲಿಯ ಚೆಸಾರೆ ಬೆಕ್ಕಾರಿಯಾ ಪ್ರಮುಖರು. ಅವರು 1738ರ ಮಾರ್ಚ್ 15ರಂದು ಮಿಲಾನ್ ನಗರದ ಶ್ರೀಮಂತ ಮನೆತನದಲ್ಲಿ ಜನಿಸಿದರು. 1758ರಲ್ಲಿ ಪಾವಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ತಂದೆಯ ವಿರೋಧದ ನಡುವೆ ತೆರೇಸಾ ಬ್ಲಾಸ್ಕೊ ಎಂಬುವರನ್ನು 1761ರಲ್ಲಿ ಮದುವೆಯಾದರು. ಈ ಮದುವೆಯನ್ನು ತಪ್ಪಿಸಲು ತಂದೆ ಸರ್ಕಾರದ ನೆರವಿನಿಂದ ಮಗನನ್ನು ಗೃಹಬಂಧನದಲ್ಲಿಯೂ ಇರಿಸಿದ್ದರು.

ಅವರು ಬೆಳೆದ ಮಿಲಾನ್ ನಗರದಲ್ಲಿ ಒಂದು ಕಲ್ಲಿನ ಕಂಬವಿತ್ತು. 1630ರಲ್ಲಿ ಪ್ಲೇಗ್ ಹರಡಿ ಜನ ಸಾಯುತ್ತಿದ್ದಾಗ, ಯಾರೋ ಗೋಡೆಗಳಿಗೆ ವಿಷದ ಲೇಪ ಹಚ್ಚುತ್ತಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಆರೋಗ್ಯ ಇಲಾಖೆಯ ನೌಕರ ಗುಲ್ಯೆಲ್ಮೊ ಪಿಯಾಟ್ಸಾ ಮಳೆಯ ಒಂದು ಬೆಳಗ್ಗೆ ಗೋಡೆಯ ಅಂಚಿಗೆ ನಡೆದು ಹೋಗುತ್ತಾ ಕೈಯನ್ನು ಗೋಡೆಗೆ ಒರೆಸಿದ್ದನ್ನು ಹೆಂಗಸೊಬ್ಬಳು ಕಿಟಕಿಯಿಂದ ಕಂಡಳು. ಅಷ್ಟೇ ಸಾಕಾಯಿತು. ಚಿತ್ರಹಿಂಸೆ ಕೊಟ್ಟರು, ತಪ್ಪೊಪ್ಪಿಕೊಂಡರೆ ಬಿಟ್ಟುಬಿಡುವ ಆಸೆ ತೋರಿಸಿದರು. ಅವನು ಕ್ಷೌರಿಕ ಜಾನ್ ಜಾಕೊಮೊ ಮೋರಾನ ಹೆಸರು ಹೇಳಿದ. ಮೋರಾನ ಮನೆಯಲ್ಲಿ ಬಟ್ಟೆ ಒಗೆಯುವ ಕ್ಷಾರದ ನೀರಿನ ಪಾತ್ರೆ ಸಿಕ್ಕಿತು, ಅದನ್ನೇ ವಿಷವೆಂದರು. ಅವನೂ ಚಿತ್ರಹಿಂಸೆ ತಾಳಲಾರದೆ ಒಪ್ಪಿಕೊಂಡ. ಇಬ್ಬರನ್ನೂ ಕ್ರೂರವಾಗಿ ಕೊಂದು, ಮೋರಾನ ಮನೆಯನ್ನು ನೆಲಸಮ ಮಾಡಿ, ಅಲ್ಲಿ ಅವರ ಅಪಕೀರ್ತಿಯ ಗುರುತಾಗಿ ಕಂಬ ನಿಲ್ಲಿಸಿದರು. ಆ ನ್ಯಾಯಾಧೀಶರಿಗೆ ತಮ್ಮ ತೀರ್ಪಿನ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ ಎಂಬುದಕ್ಕೆ ಕಂಬವೇ ಸಾಕ್ಷಿ. ಅದು 1778ರವರೆಗೆ ನಿಂತಿತ್ತು.

ಬೆಕ್ಕಾರಿಯಾ ಅವರ ಆಪ್ತರು ಪಿಯೆತ್ರೊ ವೆರಿ ಮತ್ತು ಅಲೆಸ್ಸಾಂದ್ರೊ ವೆರಿ ಎಂಬ ಸಹೋದರರು. ಅಲೆಸ್ಸಾಂದ್ರೊ ಅವರಿಗೆ ಕೈದಿಗಳ ಹಿತ ಕಾಯುವ ಹುದ್ದೆಯಿತ್ತು, ಸೆರೆಮನೆಯ ಒಳಗನ್ನು ಕಣ್ಣಾರೆ ಕಂಡವರು. ಪಿಯೆತ್ರೊ ಅವರು ವಿಷಯ ಸೂಚಿಸಿ, ಬೆನ್ನುಹತ್ತಿ ಬರೆಸಿದರು. ಬೆಕ್ಕಾರಿಯಾ ಸ್ವಭಾವತಃ ಆಲಸಿ, ಸಂಕೋಚದ ಮನುಷ್ಯ. ಈ ಗೆಳೆಯರಿಲ್ಲದಿದ್ದರೆ ಪುಸ್ತಕ ಮುಗಿಯುತ್ತಿತ್ತೆಂದು ಹೇಳುವುದು ಕಷ್ಟ. ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತ ಆ ಚಿಕ್ಕ ಗ್ರಂಥ 1764ರಲ್ಲಿ ಲಿವೊರ್ನೊದಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಆಗ ಅವರಿಗೆ 26 ವರ್ಷ.

ಅಹಿಂಸೆಯ ಹಿನ್ನೆಲೆಯಿಂದ ಬರುವ ನಮ್ಮ ಓದುಗರು ಇಲ್ಲಿ ಒಂದು ಮಾತು ಗಮನಿಸಬೇಕು. ಬೆಕ್ಕಾರಿಯಾ ಜೀವದಯೆಯ ಆಧಾರದ ಮೇಲೆ ವಾದಿಸಲಿಲ್ಲ. ತನ್ನ ಪ್ರಾಣ ತೆಗೆಯುವ ಹಕ್ಕನ್ನು ಯಾವ ಮನುಷ್ಯನೂ ಸಮಾಜಕ್ಕೆ ಬಿಟ್ಟುಕೊಟ್ಟಿಲ್ಲ, ಕ್ಷಣಕಾಲದ ಸಾವಿಗಿಂತ ಜೀವನಪೂರ್ತಿಯ ದುಡಿಮೆಯ ಸೆರೆ ನೋಡುವವರಲ್ಲಿ ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದು ಅವರ ವಾದ. ಸೆರೆಯಲ್ಲಿದ್ದರೂ ರಾಜ್ಯವನ್ನೇ ಉರುಳಿಸಬಲ್ಲವನಂಥ ಪ್ರಸಂಗಗಳಿಗೆ ವಿನಾಯಿತಿಯನ್ನೂ ಇಟ್ಟರು. ಒಟ್ಟಿನಲ್ಲಿ ಅದು ಸ್ವಲ್ಪ ಕಠಿಣ ಮನಸ್ಸಿನ ಲೆಕ್ಕಾಚಾರವೇ.

ನಿರಪರಾಧಿ ಸತ್ತರೆ ಏನು ಮಾಡುವುದು ಎಂಬ ಪ್ರಶ್ನೆಯ ಮೇಲೆ ಮರಣದಂಡನೆಯ ಆ ಅಧ್ಯಾಯ ನಿಂತಿಲ್ಲ. ಇದು ಆಶ್ಚರ್ಯ. ಏಕೆಂದರೆ ಅದೇ ಪುಸ್ತಕದಲ್ಲಿ ಸಾಕ್ಷ್ಯದ ಕುರಿತು ಬರೆಯುವಾಗ, ನ್ಯಾಯಾಲಯದ ಖಚಿತತೆ ಎಂಬುದು ನಿಷ್ಠುರವಾಗಿ ನೋಡಿದರೆ ಬಲವಾದ ಸಂಭವನೀಯತೆ ಮಾತ್ರ ಎಂದು ಅವರೇ ತೋರಿಸಿದ್ದರು. ಚಿತ್ರಹಿಂಸೆಯನ್ನು ಕುರಿತು ಬರೆಯುವಾಗ, ಅದರಿಂದ ಗಟ್ಟಿ ಮೈಯ ಅಪರಾಧಿ ಪಾರಾಗುತ್ತಾನೆ, ದುರ್ಬಲ ನಿರಪರಾಧಿ ಸಿಕ್ಕಿಬೀಳುತ್ತಾನೆ ಎಂದೂ ವಿವರಿಸಿದ್ದರು. ಆದರೂ ಆ ಮಾತುಗಳನ್ನು ಮರಣದಂಡನೆಯ ವಾದಕ್ಕೆ ಜೋಡಿಸಲಿಲ್ಲ.

ಪುಸ್ತಕ ಬೇಗ ಪ್ರಸಿದ್ಧವಾಯಿತು. ಫ್ರೆಂಚ್ ಭಾಷೆಗೆ ಅನುವಾದವಾಯಿತು. 1766ರಲ್ಲಿ ರೋಮಿನ ಚರ್ಚು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ವೋಲ್ತೇರ್ ಅದಕ್ಕೆ ವ್ಯಾಖ್ಯಾನ ಬರೆದರು. ತುಲೂಸ್ ನಗರದ ಬಟ್ಟೆ ವ್ಯಾಪಾರಿ ಜಾನ್ ಕಲಾಸ್ ತನ್ನ ಮಗನನ್ನೇ ಕೊಂದನೆಂದು 1762ರ ಮಾರ್ಚ್‌ನಲ್ಲಿ ಕೊಲ್ಲಲ್ಪಟ್ಟಿದ್ದ. ಕೊನೆಯ ಉಸಿರಿನವರೆಗೂ ತಾನು ನಿರಪರಾಧಿ ಎಂದೇ ಹೇಳಿದ್ದ. ವೋಲ್ತೇರ್ ಅವರ ಹೋರಾಟದಿಂದ 1765ರಲ್ಲಿ ಅವನ ಹೆಸರು ದೋಷಮುಕ್ತವಾಯಿತು. ಸತ್ತವನಿಗೆ ಅದರಿಂದ ಆದದ್ದೇನೂ ಇಲ್ಲ.

ಪ್ಯಾರಿಸ್‌ನ ವಿದ್ವಾಂಸರು ಬೆಕ್ಕಾರಿಯಾ ಅವರನ್ನು ಆದರದಿಂದ ಕರೆಸಿಕೊಂಡರು. ಮನೆ, ಮಡದಿಯ ನೆನಪು ಕಾಡಿ ಅವರು ಬೇಗನೆ ಊರಿಗೆ ಮರಳಿದರು. ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ ಕರೆದಾಗಲೂ ಹೋಗಲಿಲ್ಲ. ಮಿಲಾನ್‌ನಲ್ಲೇ ಅರ್ಥಶಾಸ್ತ್ರ ಬೋಧಿಸಿ, 1771ರಿಂದ ಸರ್ಕಾರಿ ಅಧಿಕಾರಿಯಾಗಿ ದುಡಿದರು. 1786ರಲ್ಲಿ ಟಸ್ಕನಿಯ ದೊರೆ ಲಿಯೊಪೋಲ್ಡ್ ತನ್ನ ರಾಜ್ಯದಲ್ಲಿ ಮರಣದಂಡನೆಯನ್ನೇ ರದ್ದು ಮಾಡಿದ.

ಮುಂದೆ ಚಕ್ರವರ್ತಿಯಾದ ಲಿಯೊಪೋಲ್ಡ್ ಆಳ್ವಿಕೆಯಲ್ಲಿ ಲೊಂಬಾರ್ಡಿಯ ಅಪರಾಧ ಕಾನೂನು ತಿದ್ದಲು ಸಮಿತಿಯೊಂದು ರಚನೆಯಾಯಿತು. ಬೆಕ್ಕಾರಿಯಾ ಅದರ ಸದಸ್ಯರು. ಬಹುಮತ ಮರಣದಂಡನೆ ಇರಲಿ ಎಂದಿತು. ಬೆಕ್ಕಾರಿಯಾ, ಫ್ರಾಂಚೆಸ್ಕೊ ಗಲ್ಲರಾತಿ ಸ್ಕೊತ್ತಿ, ಪಾವೊಲೊ ರೀಸಿ ಈ ಮೂವರು ಮಾತ್ರ 1792ರಲ್ಲಿ ಭಿನ್ನಮತ ಬರೆದುಕೊಟ್ಟರು. ಹಳೆಯ ವಾದಗಳ ಜೊತೆಗೆ ಅಲ್ಲಿ ಹೊಸದೊಂದು ಬಂತು. ಈ ಶಿಕ್ಷೆಯನ್ನು ಹಿಂತೆಗೆದುಕೊಳ್ಳಲಾಗದು. ಮನುಷ್ಯರು ಒದಗಿಸುವ ಸಾಕ್ಷ್ಯವೋ ಎಂದಿಗೂ ಅಪೂರ್ಣ. ಶಿಕ್ಷೆಗೆ ಸಾಕೆಂದು ಕಾನೂನು ಒಪ್ಪುವ ಯಾವ ಪುರಾವೆಯೂ ತಪ್ಪಿನ ಸಾಧ್ಯತೆಯನ್ನು ಪೂರ್ತಿ ಅಳಿಸುವುದಿಲ್ಲ. ಎಷ್ಟು ಸಾಕ್ಷಿಗಳಿದ್ದರೂ, ಸ್ವತಃ ಆರೋಪಿಯೇ ಒಪ್ಪಿಕೊಂಡರೂ ಮಾತು ಇದೇ. ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದ ಎರಡು ಯೋಚನೆಗಳು ಒಂದಾಗಲು ಸುಮಾರು 28 ವರ್ಷ ಬೇಕಾಯಿತು. ಅವರ ಬರಹಗಳಲ್ಲಿ ಇದಕ್ಕೇ ಹೆಚ್ಚಿನ ತೂಕವೆಂದು ನನ್ನ ಭಾವನೆ. ಶಿಕ್ಷೆಯಿಂದ ಭಯ ಹುಟ್ಟುತ್ತದೆಯೋ ಇಲ್ಲವೋ ಎಂದು ಇಂದಿಗೂ ಜಗಳವಾಡಬಹುದು. ಈ ವಾದಕ್ಕೆ ಅಂಥ ಲೆಕ್ಕ ಬೇಕಿಲ್ಲ.

ನಮ್ಮ ದೇಶದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಬಚನ್ ಸಿಂಗ್ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಮರಣದಂಡನೆಯನ್ನು ಎತ್ತಿಹಿಡಿದು, ಅತ್ಯಂತ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಪಿ. ಎನ್. ಭಗವತಿ. 1982ರಲ್ಲಿ ನೀಡಿದ ಕಾರಣಗಳಲ್ಲಿ ಅವರೂ ಸರಿಪಡಿಸಲಾಗದ ನ್ಯಾಯದೋಷದ ಮಾತನ್ನು ವಿಸ್ತಾರವಾಗಿ ಚರ್ಚಿಸಿದರು.

ಬೆಕ್ಕಾರಿಯಾ 1794ರ ನವೆಂಬರ್ 28ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು. ಮಗಳು ಜೂಲಿಯಾ ಅವರ ಮಗನೇ ಇಟಲಿಯ ಮಹಾ ಕಾದಂಬರಿಕಾರ ಅಲೆಸ್ಸಾಂದ್ರೊ ಮಾಂಜೋನಿ. ಅಜ್ಜನ ಕಾಲದಲ್ಲಿ ಮಿಲಾನ್‌ನಲ್ಲಿದ್ದ ಆ ಕಂಬದ ಕಥೆಯನ್ನು ಮೊಮ್ಮಗ 1840ರ ದಶಕದ ಆರಂಭದಲ್ಲಿ ಪ್ರತ್ಯೇಕ ಗ್ರಂಥವಾಗಿ ಬರೆದರು. ಕಾಲವೇ ಹಾಗಿತ್ತು ಎಂಬ ಸಮಾಧಾನವನ್ನು ಅವರು ಒಪ್ಪಲಿಲ್ಲ. ಪಿಯಾಟ್ಸಾ ಮತ್ತು ಮೋರಾ ನಿರಪರಾಧಿಗಳೆಂದು ತಿಳಿಯಲು ಅಂದಿನ ಕಾನೂನನ್ನೇ ಸರಿಯಾಗಿ ಪಾಲಿಸಿದ್ದರೂ ಆ ನ್ಯಾಯಾಧೀಶರಿಗೆ ಸಾಧ್ಯವಿತ್ತು ಎಂದು ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು.