ಮೆಡೋಸ್ ಟೇಲರ್ ಮತ್ತು ರೂಢಿಗತ ಅಪರಾಧಿಯ ಕಲ್ಪನೆ

ಸುರಪುರದ ಟೇಲರ್ ಮಂಜಿಲ್ ಹಾಗೂ ಬೋನಾಳ ಕೆರೆಯ ಮೂಲಕ ನಮ್ಮ ಭಾಗದ ನೆನಪಿನಲ್ಲಿ ಉಳಿದಿರುವ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ವ್ಯಾಪಾರದ ಕೆಲಸಕ್ಕೆಂದು ಮುಂಬಯಿಗೆ ಬಂದ ಆತ 1824ರಲ್ಲಿ ನಿಜಾಮನ ಸೈನ್ಯವನ್ನು ಸೇರಿದ. ಆತನ ಆಡಳಿತ, ಕಾದಂಬರಿಗಳ ಚರ್ಚೆ ನಡೆದಿರುವಷ್ಟು, ಮತ್ತೆ ಮತ್ತೆ ಅಪರಾಧವೆಸಗುವವನಿಗೆ ಕಠಿಣ ಶಿಕ್ಷೆ ಎಂಬ ವಿಚಾರದೊಡನೆ ಆತನಿಗಿರುವ ಸಂಬಂಧದ ಚರ್ಚೆ ನಡೆದಂತಿಲ್ಲ.

ಪೊಲೀಸ್ ಅಧಿಕಾರಿಯಾಗಿ ದಾರಿಗಳ್ಳರ ಜಾಡು ಹಿಡಿದಿದ್ದ ಟೇಲರ್, ಮುಂದೆ ಮಾಫಿಸಾಕ್ಷಿಗಳಾದ ಠಕ್ಕರ ಹೇಳಿಕೆಗಳನ್ನು ದಾಖಲಿಸಿದ. 1836ರ 30ನೆಯ ಕಾಯ್ದೆಯ ಪ್ರಕಾರ, ಠಕ್ಕರ ಗುಂಪಿಗೆ ಸೇರಿದವನೆಂದು ಸಿದ್ಧವಾದರೆ ಸಾಕು, ಕಠಿಣ ದುಡಿಮೆಯ ಜೀವಾವಧಿ ಸೆರೆವಾಸ. ಇಂಥವನನ್ನು ಕೊಂದನೆಂದು ತೋರಿಸುವ ಹೊಣೆ ಸರ್ಕಾರಕ್ಕಿರಲಿಲ್ಲ. 1839ರಲ್ಲಿ ಪ್ರಕಟವಾದ ಕನ್ಫೆಷನ್ಸ್ ಆಫ್ ಎ ಠಗ್ ಕಾದಂಬರಿಯ ಅಮೀರ್ ಅಲಿ ಕೊಲೆಯನ್ನೇ ಬದುಕಾಗಿಸಿಕೊಂಡವನು. ಕಾಯ್ದೆ ಊಹಿಸಿದ್ದ ಮನುಷ್ಯನಿಗೆ ಕಾದಂಬರಿ ಮುಖವನ್ನು ಒದಗಿಸಿತು.

ಆದರೆ ಟೇಲರ್‌ನ ಬದುಕು ಅಲ್ಲಿಗೇ ನಿಲ್ಲಲಿಲ್ಲ. 1841ರಲ್ಲಿ ಆತ ಸುರಪುರಕ್ಕೆ ಬಂದ. ದೇವದುರ್ಗದ ಕಡೆಯಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಬೇಡ ಸಂಸ್ಥಾನವದು. ಸುಲಿಗೆಯ ಅಪಖ್ಯಾತಿ ಅಂಟಿದ್ದ ಬೇಡರ ನಡುವೆ, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸುಮಾರು 12 ವರ್ಷ ಆಡಳಿತ ನಡೆಸಿದ. ರಾಜ ಆತನನ್ನು ಅಪ್ಪ ಎಂದೇ ಕರೆಯುತ್ತಿದ್ದ. ರಾಯಚೂರು, ದೇವದುರ್ಗ, ಮಾನ್ವಿಗಳನ್ನೊಳಗೊಂಡ ದೋಆಬ್ ಪ್ರದೇಶ 1853ರ ಒಪ್ಪಂದದಿಂದ ಕಂಪನಿಯ ಆಡಳಿತಕ್ಕೆ ಬಂದಾಗ ಟೇಲರ್ ನಳದುರ್ಗಕ್ಕೆ ಹೋದ. 1858ರಲ್ಲಿ ಬಂಡೆದ್ದು ಸೆರೆಸಿಕ್ಕ ರಾಜನನ್ನು ಆತ ಹೈದರಾಬಾದಿನ ಸೆರೆಯಲ್ಲಿ ಕಂಡ. ಮರಣದಂಡನೆ ಮೊದಲು ಆಜೀವ ಶಿಕ್ಷೆಯಾಗಿ, ಬಳಿಕ 4 ವರ್ಷಕ್ಕೆ ಇಳಿಯಿತು. ಇಲ್ಲಿ ತೂಗಿದ್ದು ಒಬ್ಬ ವ್ಯಕ್ತಿಯನ್ನು, ಗುಂಪನ್ನಲ್ಲ. ಚೆಂಗಲ್ಪಟ್ಟು ಕೋಟೆಗೆ ಒಯ್ಯುವಾಗ ರಾಜ ಗುಂಡೇಟಿನಿಂದ ಸತ್ತ.

ಅನಾರೋಗ್ಯದಿಂದ ಟೇಲರ್ ಇಂಗ್ಲೆಂಡಿಗೆ ಮರಳಿದ 1860ರಲ್ಲೇ ಭಾರತೀಯ ದಂಡಸಂಹಿತೆ ಬಂದಿತು. ಅದರ 75ನೆಯ ಕಲಮು ನಾಣ್ಯ ಮತ್ತು ಸ್ವತ್ತಿಗೆ ಸಂಬಂಧಿಸಿದ ಅಪರಾಧಗಳಲ್ಲಿ ಹಿಂದೆ ಶಿಕ್ಷೆಯಾದವನಿಗೆ ಹೆಚ್ಚಿನ ದಂಡನೆ ವಿಧಿಸಿತು. ನ್ಯಾಯಾಲಯದಲ್ಲಿ ರುಜುವಾತಾದ ಹಿಂದಿನ ಅಪರಾಧವನ್ನು ಅದು ಕೇಳುವುದರಿಂದ ಠಕ್ಕರ ಕಾಯ್ದೆಗಿಂತ ನ್ಯಾಯಸಮ್ಮತವೆಂದೇ ನನ್ನ ಅಭಿಪ್ರಾಯ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮತ್ತೆ ಹುಟ್ಟಿಗೇ ಹಿಂದಿರುಗಿತು. ಅದು 1952ರಲ್ಲಿ ರದ್ದಾದರೂ 1961ರಲ್ಲಿ ನಮ್ಮ ರಾಜ್ಯದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಜಾರಿಗೆ ಬಂತು. 75ನೆಯ ಕಲಮಿನ ಸ್ಥಾನವನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 13ನೆಯ ಕಲಮು ಪಡೆದಿದೆ.

ಟೇಲರ್ 1876ರಲ್ಲಿ ಫ್ರಾನ್ಸಿನ ಮೆಂಟೋನ್‌ನಲ್ಲಿ ತೀರಿಕೊಂಡ. ಮರುವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಠಕ್ಕರೂ ಇದ್ದಾರೆ, ಸೆರೆಯಲ್ಲಿದ್ದ ಸುರಪುರದ ರಾಜನೂ ಇದ್ದಾನೆ.